ಪಕ್ಕದ ಮನೆಯವರು ಚಿಮ್ನಿ ಒಡೆಸುತ್ತಾರಂತೆ, ನೀವೇನು ಮಾಡಬೇಕು?

ನಮ್ಮೂರಲ್ಲಿ ಚಿಮ್ನಿ ಅಂದರೆ ಸೀಮೆಎಣ್ಣೆ ದೀಪ, ಇಲ್ಲವೇ ಒಗ್ಗರಣೆ ಘಾಟು ಎಳೆಯುವ ಮಷೀನು. ಇಂಗ್ಲೆಂಡಿನಲ್ಲಿ ಹಳೆಯ ಸಾಲುಮನೆ ಕೊಂಡ ಕನ್ನಡಿಗರಿಗೆ ಮಾತ್ರ ಅದು ಗೋಡೆಯಿಂದ ಉಬ್ಬಿಬಂದ, ಒಳಗೆ ಹೊಗೆಕೊಳವೆ ಇರುವ ಇಟ್ಟಿಗೆ ಕಂಬ. ಅದರ ಬೆನ್ನಿಗೇ ಪಕ್ಕದ ಮನೆಯ ಕಂಬ ಅಂಟಿಕೊಂಡಿರುತ್ತದೆ. ಛಾವಣಿ ಮೇಲೆ ಎರಡಕ್ಕೂ ಸೇರಿ ಒಂದೇ ಗೂಡು. ರೂಮು ದೊಡ್ಡದಾಗಲಿ ಅಂತ ಅವರು ತಮ್ಮ ಕಡೆಯದನ್ನು ಒಡೆಸುತ್ತಾರೆ. ನಮಗೆ ಇದು ಗೊತ್ತಾಗಿದ್ದು ಒಂದು ಶನಿವಾರ ಬೆಳಿಗ್ಗೆ. ಅಗ್ಗಿಷ್ಟಿಕೆಯೊಳಗೆ ಬೊಗಸೆಯಷ್ಟು ಮಸಿ ಸುರಿಯಿತು, ಅದರ ಹಿಂದೆಯೇ ಅರ್ಧ ಇಟ್ಟಿಗೆ.

ಮೊದಲು ಕಾಗದ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರ ಪಾರ್ಟಿ ವಾಲ್ (ಎರಡು ಮನೆಗೂ ಸೇರಿದ ಗೋಡೆ) ಕಾಯ್ದೆಯಂತೆ, ಕೆಲಸಕ್ಕೆ ಎರಡು ತಿಂಗಳು ಮೊದಲೇ ಅವರು ನಿಮಗೆ ನೋಟಿಸ್ ಕೊಡಬೇಕು. ನೀವು 14 ದಿನ ಸುಮ್ಮನಿದ್ದರೆ ಒಪ್ಪಿಗೆ ಅಂತ ಅಲ್ಲ, ತಕರಾರು ಅಂತಲೇ ಲೆಕ್ಕ. ಆಗ ತಕರಾರು ಬಗೆಹರಿಸಲು ಸರ್ವೇಯರ್ ಬರುತ್ತಾರೆ, ಖರ್ಚು ಸಾಮಾನ್ಯವಾಗಿ ಒಡೆಸುವವರದೇ. ಪಾಪ ಒಳ್ಳೆಯವರು ಅಂತ ಸುಮ್ನೆ ಸೈನ್ ಹಾಕಿಬಿಡಬೇಡಿ. ಒಪ್ಪಿಕೊಂಡರೂ ಗೋಡೆ, ಸೀಲಿಂಗ್, ಬಿರುಕುಗಳ ಫೋಟೊ ತಾರೀಖಿನ ಸಮೇತ ಇಟ್ಟುಕೊಳ್ಳಿ. ನೋಟಿಸ್ ಇಲ್ಲದೆ ಒಡೆಯಲು ಶುರುಮಾಡಿದರೆ ಕೌನ್ಸಿಲ್‌ಗೆ ಫೋನ್ ಮಾಡಿ ಈ ಕಾಯ್ದೆಯ ಮಾತು ಎತ್ತಿ ಪ್ರಯೋಜನವಿಲ್ಲ, ಅದಕ್ಕೆ ಕೋರ್ಟೇ ಗತಿ. ಆದರೆ ಕಟ್ಟಡದ ಭದ್ರತೆ ಕೌನ್ಸಿಲ್‌ನ ಬಿಲ್ಡಿಂಗ್ ಕಂಟ್ರೋಲ್ ಕೆಲಸವೇ. ಅಲ್ಲಿ ವಿಚಾರಿಸಿ.

ಆಮೇಲೆ ಭಾರ. ಕೆಳಗಿನದನ್ನು ಒಡೆದು ಮೇಲಿನದನ್ನು ಬಿಟ್ಟರೆ ಅದನ್ನು ಯಾವುದಾದರೂ ಹೊರಬೇಕಲ್ವಾ? ಒಂದು ಇಟ್ಟಿಗೆ ಎರಡೂವರೆ ಕಿಲೋ ಅಂತ ಹಿಡಿದರೆ 400 ಇಟ್ಟಿಗೆಗೆ ಒಂದು ಟನ್. ಕೆಲವು ಬಿಲ್ಡರ್‌ಗಳು ಗೋಡೆಗೆ ತ್ರಿಕೋನದ ಕಬ್ಬಿಣ ಬಡಿದು ಕೈತೊಳೆದುಕೊಳ್ಳುತ್ತಾರೆ. ಗ್ಯಾಲೋಸ್ ಬ್ರ್ಯಾಕೆಟ್ ಅನ್ನುತ್ತಾರೆ ಅದಕ್ಕೆ. ನನಗಂತೂ ಅದು ಬೇಡವೇ ಬೇಡ. ಅವರ ಭಾರಕ್ಕೆ ನಿಮ್ಮ ಕಡೆಯ ಕಂಬ ಆಸರೆಯಾಗಿ ಕೂರುತ್ತದೆ, ನಾಳೆ ನೀವು ನಿಮ್ಮದನ್ನು ತೆಗೆಸಲು ಹೊರಟರೆ ಆಗುವುದಿಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿದ ಸ್ಟೀಲ್ ಬೀಮ್ ಕೇಳಿ.

ಇನ್ನು ಎಲ್ಲರೂ ಎಡವುವ ಜಾಗ: ಹೊಗೆ. ನಿಮ್ಮ ಹೊಗೆಕೊಳವೆಗೂ ಅವರದಕ್ಕೂ ನಡುವೆ ಎಷ್ಟೋ ಕಡೆ ಇರುವುದು ಅರ್ಧ ಇಟ್ಟಿಗೆಯ ತೆಳು ಗೋಡೆ, ಸುಮಾರು 100 ಮಿಲಿಮೀಟರ್. ನೂರು ವರ್ಷದ ಸುಣ್ಣದ ಗಾರೆ ಪುಡಿಯಾಗಿರುತ್ತದೆ. ಆ ಕಡೆಯಿಂದ ಡ್ರಿಲ್ ಬಡಿದಾಗ ಒಂದು ಇಟ್ಟಿಗೆ ಸಡಿಲವಾದರೂ ಸಾಕು, ನಿಮ್ಮ ಒಲೆಯ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಅವರ ಬೆಡ್‌ರೂಮಿಗೆ ಹೋಗುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಅದಕ್ಕೇ ಹೊಗೆ ಪರೀಕ್ಷೆ ಎರಡು ಸಲ ಮಾಡಿಸಿ: ಒಡೆಯುವ ಮೊದಲು ಒಮ್ಮೆ, ಪ್ಲಾಸ್ಟರ್ ಆಗುವ ಮೊದಲು ಇನ್ನೊಮ್ಮೆ. ಮೊದಲನೆಯದು ಇಲ್ಲದಿದ್ದರೆ ‘ಅದು ಮುಂಚೆಯೇ ಸೋರುತ್ತಿತ್ತು’ ಎಂಬ ಮಾತಿಗೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಚಿಮ್ನಿ ಗುಡಿಸುವವರು ಕೊಳವೆಯನ್ನು ಸ್ವಲ್ಪ ಬಿಸಿ ಮಾಡಿ, ನಿಮ್ಮ ಅಗ್ಗಿಷ್ಟಿಕೆಯಲ್ಲಿ ಹೊಗೆ ಗುಳಿಗೆ ಹಚ್ಚುತ್ತಾರೆ. ಎರಡೂ ಮನೆಯ ಕಿಟಕಿ ಮುಚ್ಚಿರಲಿ. ನೀವು ನಿಮ್ಮ ಮನೆಯಲ್ಲಿ ನಿಂತರೆ ಏನೂ ಕಾಣಿಸದು. ಅವರ ಮಹಡಿಗೆ ಹೋಗಿ ಟಾರ್ಚ್ ಹಿಡಿದು ಗೋಡೆಯ ಅಡಿಯ ಸಂದು, ಹಲಗೆ ನೆಲದ ಬಿರುಕು, ಅಟ್ಟದ ಮೂಲೆ ನೋಡಿ. ಸೋರಿಕೆ ಅಟ್ಟದಲ್ಲೇ ಜಾಸ್ತಿ, ಯಾಕೆಂದರೆ ಅಲ್ಲಿ ಯಾರೂ ಗಾರೆ ಮಾಡಿರುವುದಿಲ್ಲ. ಕೆಲಸ ನಡೆಯುವಷ್ಟು ದಿನ ಒಲೆ ಹಚ್ಚಲೇಬೇಡಿ. ಗ್ಯಾಸ್ ಫೈರ್ ಇದ್ದರೆ ಗ್ಯಾಸ್ ಸೇಫ್ (ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇರುವವರು ನೋಡಿ ಹೇಳಿದ ಮೇಲೆಯೇ. ಛಾವಣಿಯ ಗೂಡನ್ನೂ ಅವರು ತಗ್ಗಿಸುತ್ತಿದ್ದರೆ ನಿಮ್ಮ ಹೊಗೆಯ ಎಳೆತ ಕುಗ್ಗಬಹುದು, ಅದನ್ನೂ ಕೇಳಿ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಎರಡೂ ಮನೆಯಲ್ಲಿ ಬೇಕು. ಬಿಎಸ್ ಇಎನ್ 50291 ಎಂಬ ಗುಣಮಟ್ಟದ ಗುರುತು ಇಲ್ಲದ ಅಗ್ಗದ ಮಾಲು ಆನ್‌ಲೈನ್‌ನಲ್ಲಿ ರಾಶಿ ಬಿದ್ದಿದೆ, ಮುಟ್ಟಬೇಡಿ. ನಿಮ್ಮಲ್ಲಿ ಒಲೆಯಿಂದ 1ರಿಂದ 3 ಮೀಟರ್ ದೂರದಲ್ಲಿರಲಿ.

ಇನ್ನು ಒಲೆಯೇ ಹಚ್ಚದ ಸತ್ತ ಕೊಳವೆ. ಅದನ್ನು ಮೇಲೆ ಕೆಳಗೆ ಎರಡೂ ಕಡೆ ಬಿಗಿಯಾಗಿ ಮುಚ್ಚಬಾರದು. ಒಳಗಿನ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಹಳೆಯ ಮಸಿಯ ಜೊತೆ ಗೋಡೆಯಲ್ಲಿ ಇಳಿದು, ಚಹಾ ಚೆಲ್ಲಿದಂಥ ಕಂದು ಕಲೆ ಮೂಡುತ್ತದೆ. ಮೇಲೆ ಮಳೆ ತಡೆದು ಗಾಳಿ ಬಿಡುವ ಮುಚ್ಚಳ, ಕೆಳಗೆ ಒಂದು ಜಾಲರಿ, ಇಷ್ಟೇ. ಅವರ ಕಡೆ ಅಟ್ಟದಲ್ಲಿ ತುಂಡು ಕಂಬ ಉಳಿದಿದ್ದರೆ ಅದಕ್ಕೂ ಜಾಲರಿ ಬೇಕು. ಉಬ್ಬುವ ಫೋಮ್ ಡಬ್ಬಿ ತಂದು ಬಾಯಿ ತುಂಬುವ ಜಾಣರಿದ್ದಾರೆ, ಒಪ್ಪಬೇಡಿ. ಡ್ಯಾಂಪ್ ತಡೆಯುವ ಪೇಂಟ್ ಕಲೆಯನ್ನು ಒಂದು ಚಳಿಗಾಲ ಮುಚ್ಚಿಡುತ್ತದೆ, ಅಷ್ಟೇ.

ಕಡೆಗೆ ಬಿಲ್ಡಿಂಗ್ ಕಂಟ್ರೋಲ್‌ನ ಕಂಪ್ಲೀಷನ್ ಸರ್ಟಿಫಿಕೇಟ್‌ನ ಒಂದು ಪ್ರತಿಯನ್ನು ಅವರಿಂದ ಇಸಿದುಕೊಳ್ಳಿ. ಪೇಂಟರ್ ಬಂದುಹೋದ ಮೇಲೆ ಜಾಲರಿಯನ್ನೂ ಒಮ್ಮೆ ಬೆರಳಿಂದ ಮುಟ್ಟಿ ನೋಡಿ. ನಮ್ಮದರ ಕಣ್ಣುಗಳೆಲ್ಲ ಬಿಳಿ ಬಣ್ಣದಲ್ಲಿ ಮುಚ್ಚಿಹೋಗಿದ್ದವು, ಸೂಜಿ ಹಿಡಿದು ಒಂದೊಂದೇ ಬಿಡಿಸಿದೆ.