ಸಂಘಕ್ಕೆ ಹೊಸಬರೇ? ಮೊದಲು ಕಿವಿ, ಆಮೇಲೆ ಬಾಯಿ

ಕೆಲಸಕ್ಕೆ ಸೇರಿ ಆರು ತಿಂಗಳು. ಶಿಫ್ಟ್ ಪಟ್ಟಿ ಹಿಂದಿನ ರಾತ್ರಿ ಕೈಗೆ ಬರುತ್ತದೆ, ಓಟಿ (ಹೆಚ್ಚುವರಿ ದುಡಿಮೆಯ) ಹಣ ಬರುವುದೇ ಇಲ್ಲ. ಕಾರ್ಮಿಕ ಸಂಘವೇನೋ ಇದೆ. ಅದು ಹಿರಿಯರದ್ದು, ಕಾಯಂ ನೌಕರರದ್ದು ಅಂದುಕೊಂಡು ದೂರ ಉಳಿದಿದ್ದೀರಿ. ಒಳಗೆ ಹೋಗುವುದು ಹೇಗೆ?

ನೇಮಕಾತಿ ಪತ್ರದಿಂದ ಶುರುಮಾಡಿ. ಪ್ರೊಬೇಷನ್ ಎಷ್ಟು ದಿನ, ದುಡಿಮೆ ಎಷ್ಟು ಗಂಟೆ ಎಂದು ಓದಿಕೊಳ್ಳಿ. ಸಂಬಳದ ಚೀಟಿಗಳನ್ನು ಜೋಡಿಸಿಡಿ. ಹೆಚ್ಚುವರಿ ದುಡಿದ ಗಂಟೆಗಳನ್ನು ದಿನಾಂಕ ಹಾಕಿ ಸ್ವಂತ ಪುಸ್ತಕದಲ್ಲಿ ಬರೆದಿಡಿ.

ಆಮೇಲೆ ಜೊತೆಯವರೊಂದಿಗೆ ಮಾತು. ಉತ್ಸಾಹಿಗಳು ಎಡವುವುದು ಇಲ್ಲೇ. ಗ್ರೂಪ್ ಮಾಡಿ ಉದ್ದನೆಯ ಸಂದೇಶ ಹಾಕುತ್ತಾರೆ. ಹತ್ತು ಹೆಬ್ಬೆರಳು ಬೀಳುತ್ತವೆ, ಮರುದಿನ ಅದರ ಸ್ಕ್ರೀನ್‌ಶಾಟ್ ಮ್ಯಾನೇಜರ್ ಫೋನಿನಲ್ಲಿರುತ್ತದೆ. ಬಿಡುವಿನ ಹೊತ್ತಲ್ಲಿ ಒಬ್ಬೊಬ್ಬರನ್ನೇ ಮಾತಾಡಿಸಿ. 'ಇಲ್ಲಿ ಒಂದೇ ಒಂದು ಬದಲಾಗಬೇಕೆಂದರೆ ಯಾವುದು?' ಎಂದು ಕೇಳಿ ಸುಮ್ಮನಿರಿ. ಸುಮ್ಮನಿರುವುದೇ ಕಷ್ಟ, ಬಿಡಿ. ನಿಮಗೆ ಓಟಿ ದೊಡ್ಡದು, ಪಕ್ಕದವರಿಗೆ ಶೌಚಾಲಯಕ್ಕೆ ಹೋಗಲು ಸಿಗದ ಐದು ನಿಮಿಷ ದೊಡ್ಡದಿರಬಹುದು. ಹೆಚ್ಚು ಜನರ ಬಾಯಲ್ಲಿ ಬಂದದ್ದನ್ನೇ ಮೊದಲ ಬೇಡಿಕೆ ಮಾಡಿ. ಕಂಪನಿ ಕೊಟ್ಟ ಲ್ಯಾಪ್‌ಟಾಪ್, ಇಮೇಲ್ ಇದಕ್ಕೆ ಬೇಡವೇ ಬೇಡ.

ಹೆದರಿಕೆ ಸಹಜ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1948ರ 87ನೇ ಒಡಂಬಡಿಕೆ, ಮುಂಚಿತವಾಗಿ ಯಾರ ಅಪ್ಪಣೆಯೂ ಇಲ್ಲದೆ ಸಂಘ ಸೇರುವ ಹಕ್ಕನ್ನು ಹೇಳುತ್ತದೆ. 1949ರ 98ನೆಯದು, ಸಂಘಕ್ಕೆ ಸೇರಿದ್ದಕ್ಕೆ ಕೆಲಸದಿಂದ ತೆಗೆಯಬಾರದು ಎನ್ನುತ್ತದೆ. ಆದರೆ ದೇಶದಿಂದ ದೇಶಕ್ಕೆ ಕಾನೂನು ಬೇರೆ. ಪ್ರೊಬೇಷನ್, ಗುತ್ತಿಗೆ, ಆ್ಯಪ್ ಕೆಲಸದವರಿಗೆ ಯಾವ ರಕ್ಷಣೆ ಇದೆಯೆಂದು ಸಂಘದವರನ್ನೇ ಕೇಳಿ. ಬೈಲಾ (ಸಂಘದ ನಿಯಮಾವಳಿ) ತೋರಿಸಿ ಎನ್ನಿ, ಕೊನೆಯ ಚುನಾವಣೆ ಯಾವಾಗ ಆಯಿತೆಂದೂ ವಿಚಾರಿಸಿ. ಹಾರಿಕೆಯ ಉತ್ತರ ಬಂದರೆ ಚಂದಾ ಕೊಡುವ ಮೊದಲು ಎರಡು ಸಲ ಯೋಚಿಸಿ.

ಸೇರಿದ ಮೇಲೆ ಹೊಸಬರ ಪಾಲಿಗೆ ಕುರ್ಚಿ ಜೋಡಿಸುವ ಕೆಲಸ ಬರುವುದುಂಟು. ಮಾಡಿ, ಜೊತೆಗೆ ಸಭೆಯ ನಡಾವಳಿ ಬರೆಯುವ ಕೆಲಸವನ್ನೂ ಕೇಳಿ ಪಡೆಯಿರಿ. ಯಾವ ತೀರ್ಮಾನ ಯಾರಿಂದ ಆಗುತ್ತದೆಂದು ಬೇಗ ತಿಳಿಯುತ್ತದೆ. ವೇದಿಕೆಯ ಮಾತಿಗಿಂತ ಹಿಂದಿನ ದುಡಿಮೆ ದೊಡ್ಡದು ಎನ್ನುವುದಕ್ಕೆ ಒಂದು ಉದಾಹರಣೆ: 1909ರ ನವೆಂಬರ್ 22ರಂದು ನ್ಯೂಯಾರ್ಕ್‌ನ ಕೂಪರ್ ಯೂನಿಯನ್ ಎಂಬ ಕಾಲೇಜಿನಲ್ಲಿ ಉಡುಪು ಕಾರ್ಮಿಕರ ಸಭೆ ನಡೆದಿತ್ತು, ಮುಖಂಡರ ಭಾಷಣ ಮುಗಿಯುವಂತೆಯೇ ಇರಲಿಲ್ಲ. 23 ವರ್ಷದ ಉಡುಪು ಕಾರ್ಮಿಕೆ ಕ್ಲಾರಾ ಲೆಮ್ಲಿಕ್ ಎದ್ದು, ಸಾಕು, ಮುಷ್ಕರಕ್ಕೆ ಇಳಿಯೋಣ ಎಂದಳು. ಸಾವಿರಾರು ಜನ ಇಳಿದೇಬಿಟ್ಟರು. ಆ ಒಂದು ಮಾತನ್ನಷ್ಟೇ ನೆನೆಯುವವರು ಹೆಚ್ಚು. ಅದಕ್ಕೂ ಮೊದಲೇ ಆಕೆ ಸಂಘ ಕಟ್ಟುತ್ತಾ ಓಡಾಡಿ, ಮುಷ್ಕರದಲ್ಲಿ ನಿಂತು ಪೆಟ್ಟು ತಿಂದಿದ್ದಳು.

ನಿಮ್ಮ ಮೊದಲ ಸಭೆಗೆ ಒಬ್ಬರೇ ಹೋಗಬೇಡಿ. ಮಾತಾಡಿಸಿದವರಲ್ಲಿ ಇಬ್ಬರನ್ನಾದರೂ ಕರೆದುಕೊಂಡು ಹೋಗಿ.