29ಬಿ ಬಂದ ಮೇಲೆ: ಸೆಕೆಂಡ್ಸ್ ಗಾಡಿ ಹೋಲ್‌ಸೇಲ್‌ನಲ್ಲಿ ನನ್ನ ಅನುಭವ

ಲೈಸೆನ್ಸ್ ತಗೊಂಡೇ ಸೆಕೆಂಡ್ಸ್ ಗಾಡಿ ವ್ಯಾಪಾರ ಮಾಡ್ತೀನಿ ಅಂದಾಗ ನಮ್ಮ ಲೈನ್‌ನಲ್ಲಿರೋ ಏಳೆಂಟು ಜನ ಹೇಳಿದ್ದು ಒಂದೇ ಮಾತು. "ಸುಮ್ನೆ ಮೈಮೇಲೆ ಎಳ್ಕೋಬೇಡಪ್ಪ. ಹೆಸರು ಬದಲಿಸೋ 29–30 ಫಾರಂಗೆ ಮಾರೋರ ಸಹಿ ಹಾಕಿಸ್ಕೊಂಡು ಇಟ್ಕೋ, ಗಿರಾಕಿ ಬಂದಾಗ ಅವನ ಹೆಸರು ತುಂಬು. ಎಲ್ರೂ ಹಂಗೇ ತಾನೇ ಮಾಡೋದು?" ನಾನೂ ಹದಿನಾಲ್ಕು ವರ್ಷ ಹಾಗೇ ಮಾಡಿದ್ದೆ. ಈಗ 29ಬಿ, ಅಂದರೆ ಹಳೇ ಗಾಡಿ ಡೀಲರ್‌ಗೆ ಆರ್‌ಟಿಓ ಕೊಡೋ ಅಧಿಕೃತ ಪತ್ರ, ಕೈಗೆ ಬಂದು ಹತ್ತಿರ ಹತ್ತಿರ ಎರಡು ವರ್ಷ. ಹೋದ ವರ್ಷ ಸುಮಾರು 140 ಗಾಡಿ ದಾಟಿಸಿದ್ದೇನೆ. ನೇರ ಗಿರಾಕಿಗೆ ಕೊಟ್ಟದ್ದು ಹತ್ತೋ ಹನ್ನೆರಡೋ ಇರಬಹುದು. ಉಳಿದದ್ದೆಲ್ಲ ಹಾವೇರಿ, ರಾಣೆಬೆನ್ನೂರು, ಶಿವಮೊಗ್ಗ, ಚಿತ್ರದುರ್ಗದ ಯಾರ್ಡ್‌ಗಳಿಗೆ, ಅಂದರೆ ಹಳೇ ಗಾಡಿ ಮಾರೋ ಅಂಗಡಿಗಳಿಗೆ.

ಹೋಲ್‌ಸೇಲ್‌ಗೆ ಅಂತ ನಮ್ಮಲ್ಲಿ ಬೇರೆ ಲೈಸೆನ್ಸ್ ಇಲ್ಲ. ಒಂದು ಗಾಡಿ ಮಾರೋನಿಗೂ ನೂರು ಮಾರೋನಿಗೂ ಅದೇ ಅಧಿಕೃತ ಡೀಲರ್ ಪತ್ರ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ಆಯಿತು, 2023ರ ಏಪ್ರಿಲ್ 1ರಿಂದ ಜಾರಿ. ಈ ಪತ್ರ ಬಂದದ್ದು ಆಗಲೇ.

ನನ್ನ ಮನಸ್ಸು ತಿರುಗಿಸಿದ್ದು ಒಬ್ಬ ಮೇಷ್ಟ್ರು. ರಿಟೈರ್ಡ್. ಅವರ ಹಳೇ ಆಲ್ಟೋ ನಾನೇ ಕೊಂಡಿದ್ದೆ, ಖಾಲಿ 29–30ಕ್ಕೆ ಸಹಿ ಹಾಕಿಸಿಕೊಂಡು. ಅದನ್ನು ಒಬ್ಬ ಬ್ರೋಕರ್‌ಗೆ ಕೊಟ್ಟೆ, ಅವನು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ. ಯಾರೂ ಹೆಸರು ಬದಲಿಸಲಿಲ್ಲ, ಇನ್ಶೂರೆನ್ಸ್ ಕಟ್ಟಲಿಲ್ಲ. ಒಂದು ದಿನ ಗಾಡಿ ಬೈಕ್‌ಗೆ ಗುದ್ದಿತು. ನೋಟಿಸ್ ಹೋಗಿದ್ದು ಮೇಷ್ಟ್ರಿಗೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಜವಾಬ್ದಾರಿ ಅಂತ 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಗಾಡಿ ಎಷ್ಟು ಕೈ ದಾಟಿದೆ ಅನ್ನೋದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಬೆಳಗ್ಗೆ ಏಳು ಗಂಟೆಗೆ ಅವರು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ನೋಟಿಸನ್ನು ನಾಲ್ಕು ಮಡಿಕೆ ಮಾಡಿ, ಹಾಲಿನ ಪ್ಯಾಕೆಟ್ ತರೋ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು. "ನೀನು ಹೇಳಿದ ಕಡೆ ಸಹಿ ಹಾಕಿದ್ದೆ ಅಲ್ವೇನಪ್ಪ?" ಅಂದರು. ಬಯ್ಯಲಿಲ್ಲ. ಅವರ ಜೊತೆ ಒಂಬತ್ತು ಸಲ ಕೋರ್ಟಿಗೆ ಹೋದೆ. ಕೊನೆಗೆ ರಾಜಿ ಆಯಿತು. ವಕೀಲರ ಫೀಸೂ ಸೇರಿ 1 ಲಕ್ಷ 80 ಸಾವಿರದ ಹತ್ತಿರ ನನ್ನ ಕೈಯಿಂದಲೇ ಕೊಟ್ಟೆ. ಅವತ್ತಿಂದ ಖಾಲಿ ಫಾರಂಗೆ ಯಾರ ಸಹಿಯನ್ನೂ ತಗೊಂಡಿಲ್ಲ.

29ಬಿಗೆ ಹಾಕಿದ ಅರ್ಜಿ ಮೊದಲ ಸಲ ವಾಪಸ್ ಬಂತು. ತಪ್ಪು ನನ್ನದೇ. ಜಿಎಸ್‌ಟಿ ಇದ್ದದ್ದು ಮನೆ ವಿಳಾಸದಲ್ಲಿ, ಬಾಡಿಗೆ ಕರಾರು ಯಾರ್ಡಿನದು. ಅದರಲ್ಲೂ ಜಾಗದ ಹಳೇ ಖಾತೆ ನಂಬರ್ ಇತ್ತು. ಎರಡನೇ ಸಲ ಆರ್‌ಟಿಓದವರು ಜಾಗ ನೋಡೋಕೆ ಬಂದಾಗ ಬೋರ್ಡಿನ ಮೇಲೆ ಒಂದು ಹೆಸರು, 29ಎ ಅರ್ಜಿಯಲ್ಲಿ ಇನ್ನೊಂದು. ಹಳೇ 'ಆಟೋ ಕನ್ಸಲ್ಟೆಂಟ್ಸ್' ಬೋರ್ಡನ್ನು ಇಳಿಸೋದೇ ಮರೆತಿದ್ದೆ! ಮೂರನೇ ಸಲ ಪಾಸಾಯಿತು. 30 ದಿನದಲ್ಲಿ ತೀರ್ಮಾನ ಆಗಬೇಕು ಅಂತ ನಿಯಮ ಇದೆ. ನನ್ನ ಕಾಗದ ನಾನೇ ಸರಿ ಮಾಡಿಕೊಳ್ಳೋ ಹೊತ್ತಿಗೆ ಏಳು ತಿಂಗಳು ಹೋಯಿತು. ಶುಲ್ಕ 25 ಸಾವಿರ, ಐದು ವರ್ಷಕ್ಕೆ. ಅದು ದೊಡ್ಡದಲ್ಲ. ಶೆಡ್ಡು, ಜಲ್ಲಿ, ಕ್ಯಾಮೆರಾ, ಕಂಪ್ಯೂಟರ್, ಡಿಜಿಟಲ್ ಸಹಿ, ಅಡ್ವಾನ್ಸ್ ಎಲ್ಲ ಸೇರಿ ಎರಡು ಲಕ್ಷ ದಾಟಿತು. ಆ ಏಳು ತಿಂಗಳೂ ಬಾಡಿಗೆ ಕಟ್ಟುತ್ತಾ ಕೂತಿದ್ದೆ. ಹೆಂಡತಿಯ ಬಳೆ ಅಡ ಇಟ್ಟಿದ್ದೂ ಆಗಲೇ.

29ಬಿ ಬಂದ ಮೇಲೆ ನಿಜವಾಗಿ ಕೆಲಸ ಮಾಡಿದ್ದು 29ಸಿ, ಅಂದರೆ ಗಾಡಿ ಡೀಲರ್ ಕೈಗೆ ಬಂತು ಅಂತ ಆರ್‌ಟಿಓಗೆ ತಿಳಿಸೋ ಫಾರಂ. ಗಾಡಿ ನನ್ನ ಕೈಗೆ ಬಂದ ತಕ್ಷಣ ಪೋರ್ಟಲ್‌ನಲ್ಲಿ 29ಸಿ ಹಾಕಿ, ಸ್ವೀಕೃತಿ ಪ್ರಿಂಟ್ ತೆಗೆದು ಮಾರೋರ ಕೈಗೆ ಕೊಡ್ತೀನಿ. ಅಲ್ಲಿಂದ ಗಾಡಿಯ ಜವಾಬ್ದಾರಿ ನನ್ನದು. ಕಾನೂನಿನ ಕಣ್ಣಲ್ಲಿ ಮಾಲೀಕ ನಾನೇ. ಆದರೆ ಆರ್‌ಸಿಯಲ್ಲಿ ಓನರ್ ಸಂಖ್ಯೆ ಏರುವುದಿಲ್ಲ. ಮಾರೋರಿಗೆ ಇದನ್ನು ಬಿಡಿಸಿ ಹೇಳಿದರೆ ಐದು ಸಾವಿರ, ಎಂಟು ಸಾವಿರ ಕಮ್ಮಿಗೂ ಕೊಡ್ತಾರೆ. ನನಗೆ ಗಾಡಿ ಕೊಟ್ಟ ಮೊದಲ ಹತ್ತು ಜನರಲ್ಲಿ ಮೂವರನ್ನು ಕಳಿಸಿದ್ದು ಅದೇ ಮೇಷ್ಟ್ರು.

ಓಡಾಟದ ರಿಜಿಸ್ಟರ್ ಬಗ್ಗೆ ಒಂದು ಮಾತು. ಸ್ಟಾಕಿನ ಗಾಡಿಯನ್ನು ಟ್ರಯಲ್‌ಗೆ, ರಿಪೇರಿಗೆ, ಪೇಂಟಿಂಗಿಗೆ, ಇನ್‌ಸ್ಪೆಕ್ಷನ್‌ಗೆ ಬಿಟ್ಟು ಬೇರೆ ಯಾವುದಕ್ಕೂ ತೆಗೆಯೋ ಹಾಗಿಲ್ಲ. ಯಾರು ಓಡಿಸಿದರು, ಎಷ್ಟು ಹೊತ್ತಿಗೆ, ಎಷ್ಟು ಕಿಲೋಮೀಟರ್ ಅಂತ ಬರೆಯಬೇಕು. ಮದುವೆಗೆ ಒಂದು ಇನ್ನೋವಾ ಕೊಡು ಅಂತ ನಮ್ಮ ಭಾವನೇ ಕೇಳಿದರು. ಆಗಲ್ಲ ಅಂದೆ. ಆರು ತಿಂಗಳು ಮಾತು ಬಿಟ್ಟಿದ್ದರು.

ಹೋಲ್‌ಸೇಲ್‌ನಲ್ಲಿ ನಿಜವಾದ ಜಗಳ ಇರೋದು ಯಾರ್ಡ್‌ಗಳ ಜೊತೆ. ಗಾಡಿ ತಗೊಳ್ಳೋನಿಗೂ 29ಬಿ ಇದ್ದರೆ ಕೆಲಸ ಸಲೀಸು. ಇಲ್ಲದವರಿಗೆ ಅವರ ಹೆಸರಿಗೆ ಟ್ರಾನ್ಸ್‌ಫರ್ ಮಾಡಿಸಿಯೇ ಕೊಡ್ತೀನಿ. ಆಗ ಸೆಕೆಂಡ್ ಓನರ್ ಗಾಡಿ ಥರ್ಡ್ ಓನರ್ ಆಗುತ್ತೆ, ರೇಟು ಹತ್ತು ಹದಿನೈದು ಸಾವಿರ ಬೀಳುತ್ತೆ. "ನಿನ್ನ ಕಾನೂನಿಗೆ ನಾವ್ಯಾಕಣ್ಣ ಲಾಸ್ ಮಾಡ್ಕೋಬೇಕು" ಅಂತ ನಾಲ್ಕು ಯಾರ್ಡ್‌ನವರು ಬಿಟ್ಟುಹೋದರು. ಎರಡು ತಿಂಗಳು ವ್ಯಾಪಾರ ಅರ್ಧಕ್ಕಿಳಿಯಿತು. ಆಮೇಲೆ ಮೂವರು ವಾಪಸ್ ಬಂದರು, ಅದರಲ್ಲಿ ಇಬ್ಬರು ತಾವೂ ಅರ್ಜಿ ಹಾಕಿಕೊಂಡು.

ಈಗ ಲೆಕ್ಕಕ್ಕೆ ಬರೋಣ. ಮೊದಲ ಆರು ತಿಂಗಳು ನಾನು ಎಡವಿದ್ದು ಇಲ್ಲೇ. ಜಿಎಸ್‌ಟಿ ಮಾರ್ಜಿನ್ ಮೇಲೆ ತಾನೇ ಅಂತ ಹಗುರವಾಗಿ ತಗೊಂಡೆ. ಆದರೆ ಮಾರ್ಜಿನ್ ಅಂದರೆ ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದದ್ದು, ಅಷ್ಟೇ. ಡೆಂಟಿಂಗ್, ಪೇಂಟಿಂಗ್, ಟೈರಿಗೆ ಹಾಕಿದ ದುಡ್ಡು ಅದರಲ್ಲಿ ಕಳೆಯೋಕೆ ಬರಲ್ಲ. ಒಂದು ಸ್ವಿಫ್ಟ್ 3 ಲಕ್ಷ 10 ಸಾವಿರಕ್ಕೆ ಕೊಂಡು, 28 ಸಾವಿರ ಖರ್ಚು ಮಾಡಿ, 3 ಲಕ್ಷ 62ಕ್ಕೆ ಕೊಟ್ಟೆ. 24 ಸಾವಿರ ಉಳಿಯಿತು ಅಂದುಕೊಂಡಿದ್ದೆ. ತೆರಿಗೆ ಬಿದ್ದದ್ದು 52 ಸಾವಿರದ ಮೇಲೆ. 2025ರ ಜನವರಿಯಿಂದ ಸಣ್ಣ ಕಾರಿಗೂ 18 ಪರ್ಸೆಂಟ್ ಆಯಿತಲ್ಲ, 9 ಸಾವಿರ ಚಿಲ್ಲರೆ ಹೋಯಿತು. ಅದಕ್ಕೇ ಈಗ ಗಾಡಿಗೆ ಕೈ ಹಚ್ಚೋದೇ ಕಮ್ಮಿ. ತೊಳೆದು, ಸರ್ವಿಸ್ ಮಾಡಿಸಿ, ಇದ್ದ ಹಾಗೇ ಕೊಡ್ತೀನಿ. ಗೀರು ಗಿಚ್ಚು ಯಾರ್ಡ್‌ನವರೇ ನೋಡಿಕೊಳ್ಳಲಿ.

ಇದಕ್ಕಿಂತ ಕೆಟ್ಟ ಪಾಠ ಒಂದು ಡೀಸೆಲ್ ಸೆಡಾನ್ ಕಲಿಸಿತು. ಆನ್‌ಲೈನ್ ಹರಾಜಿನಲ್ಲಿ ಬರೀ ಫೋಟೋ ನೋಡಿ 2 ಲಕ್ಷ 65 ಸಾವಿರಕ್ಕೆ ಹಿಡಿದೆ. ಗಾಡಿ ಇಳಿಸಿಕೊಂಡು ಡ್ರೈವರ್ ಸೀಟಿನ ಬೆಲ್ಟ್ ಪೂರ್ತಿ ಎಳೆದೆ. ಕೊನೆಯ ಒಂದು ಗೇಣಿನಲ್ಲಿ ಒಣಗಿದ ಕೆಸರಿನ ಗೆರೆ. ಸೀಟ್ ರೈಲಿನ ಬೋಲ್ಟ್ ಮೇಲೆ ತುಕ್ಕು, ಕಾರ್ಪೆಟ್ ಎತ್ತಿದರೆ ಮುಗ್ಗಲು ವಾಸನೆ. ಮಳೆ ನೀರಲ್ಲಿ ಮುಳುಗಿ ಎದ್ದ ಗಾಡಿ! ವೈರಿಂಗಿಗೇ 70 ಸಾವಿರ ತಿಂದಿತು. ಹರಾಜಿನ ಫೀಸು, ಸಾಗಾಣಿಕೆ ಇನ್ನೊಂದು 12. ಮುಳುಗಿದ ಗಾಡಿ ಅಂತ ಹೇಳಿಯೇ 3 ಲಕ್ಷ 5ಕ್ಕೆ ಕೊಟ್ಟೆ. 42 ಸಾವಿರ ಲಾಸು. ಆದರೂ 40 ಸಾವಿರ ಮಾರ್ಜಿನ್ ಅಂತ ತೆರಿಗೆ 7 ಸಾವಿರ ಕಟ್ಟಿದೆ. ಈ ಗಾಡಿಯ ನಷ್ಟವನ್ನು ಆ ಗಾಡಿಯ ಲಾಭದಲ್ಲಿ ಕಳೆಯೋಕೂ ಬರಲ್ಲ. ಈಗ ಯಾವ ಗಾಡಿ ನೋಡೋಕೆ ಹೋದರೂ ಮೊದಲು ಕೈ ಹೋಗೋದು ಬೆಲ್ಟಿಗೆ, ಆಮೇಲೆ ಬಾಗಿಲಿನ ರಬ್ಬರ್ ಬೀಡಿಂಗ್ ಸರಿಸಿ ಪಿಲ್ಲರ್‌ನ ಸ್ಪಾಟ್ ವೆಲ್ಡಿಗೆ, ಅಂದರೆ ಕಂಪನಿಯ ಬೆಸುಗೆ ಗುರುತಿಗೆ. ಇನ್ನೂ ಒಂದು ಜಾಗ ನೋಡ್ತೀನಿ, ಅದು ನನ್ನ ಹತ್ತಿರವೇ ಇರಲಿ. ಹರಾಜಿನಲ್ಲಿ ಯಾವ ವಾರ ಬಿಡ್ ಇಳಿಯುತ್ತೆ ಅನ್ನೋದನ್ನೂ ಇಲ್ಲಿ ಬರೆಯಲ್ಲ.

ಮಧ್ಯದಲ್ಲಿ ದೆಹಲಿ ಗಾಡಿಯ ಹುಚ್ಚೂ ಹಿಡಿದಿತ್ತು. ಆಗ ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಓಡಿಸೋ ಹಾಗಿರಲಿಲ್ಲ, ಅದಕ್ಕೇ ಒಂಬತ್ತು ವರ್ಷದ ಗಾಡಿ ಕಣ್ಣಿಗೆ ಬಲು ಅಗ್ಗವಾಗಿ ಕಂಡಿತ್ತು. ಎರಡು ತಂದೆ. ಎನ್‌ಓಸಿಗೆ (ಅಲ್ಲಿನ ಆರ್‌ಟಿಓದ ಒಪ್ಪಿಗೆ ಪತ್ರಕ್ಕೆ) ಎರಡೂವರೆ ತಿಂಗಳು, ಇಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಬೇಕು, ನಂಬರ್ ಪ್ಲೇಟ್ ಮೇಲೆ ದೆಹಲಿಯ ಡಿಎಲ್ ಅಂದ ಕೂಡಲೇ ಯಾರ್ಡ್‌ನವರ ಮುಖ ಸಣ್ಣದಾಗುತ್ತೆ. ಒಂದು ಹಾಕಿದ ದುಡ್ಡಿಗೆ ಹೋಯಿತು, ಇನ್ನೊಂದರಲ್ಲಿ 35 ಸಾವಿರ ಕಳೆದುಕೊಂಡೆ. ಮತ್ತೆ ಆ ಕಡೆ ಹೋಗಿಲ್ಲ.

ನಗದು ವ್ಯವಹಾರ ಬಿಟ್ಟದ್ದು ಎಲ್ಲಕ್ಕಿಂತ ಕಷ್ಟ ಆಯಿತು. ದಿನಕ್ಕೆ ಒಬ್ಬರಿಗೆ 10 ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟು ಕೊಂಡರೆ ಇನ್‌ಕಮ್ ಟ್ಯಾಕ್ಸ್‌ನಲ್ಲಿ ಅದನ್ನು ಖರ್ಚು ಅಂತ ಒಪ್ಪಲ್ಲ. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ ಅಷ್ಟೇ ದಂಡ. ಟೋಕನ್ ಬಿಟ್ಟು ಉಳಿದದ್ದೆಲ್ಲ ಆರ್‌ಟಿಜಿಎಸ್ ಅಂತ ಕೂತೆ. ಒಂದಷ್ಟು ಒಳ್ಳೇ ಗಾಡಿ ಕೈ ತಪ್ಪಿದವು. ಆದರೆ ಒಂದೂವರೆ ವರ್ಷದ ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, 29ಬಿ ಮೂರನ್ನೂ ಬ್ಯಾಂಕಿನವರ ಮುಂದಿಟ್ಟಾಗ 15 ಲಕ್ಷದ ಓಡಿ (ಓವರ್‌ಡ್ರಾಫ್ಟ್ ಸಾಲ) ಕೊಟ್ಟರು, ಬಡ್ಡಿ ವರ್ಷಕ್ಕೆ 11ರ ಆಸುಪಾಸು. ಅಲ್ಲಿಯವರೆಗೆ ಹತ್ತು ಲಕ್ಷವನ್ನು ಮೂರು ರೂಪಾಯಿ ಬಡ್ಡಿಗೆ ತಂದು ಆಡಿಸುತ್ತಿದ್ದೆ, ತಿಂಗಳಿಗೆ 30 ಸಾವಿರ ಅಲ್ಲಿಗೇ ಹೋಗುತ್ತಿತ್ತು. ಈಗ ಅದೇ ದುಡ್ಡಿಗೆ 9 ಸಾವಿರ ಚಿಲ್ಲರೆ. ಒಂದು ಗಾಡಿಗೆ ನನಗೆ ಉಳಿಯೋದು ಎಂಟರಿಂದ ಹದಿನೈದು ಸಾವಿರ, ಆದರೆ ಹತ್ತು ದಿನಕ್ಕಿಂತ ಜಾಸ್ತಿ ಯಾವ ಗಾಡಿಯೂ ಯಾರ್ಡ್‌ನಲ್ಲಿ ನಿಲ್ಲಲ್ಲ.

ಬಳೆ ಬಿಡಿಸಿಕೊಂಡು ಬಂದದ್ದು ಹೋದ ಗೌರಿ ಹಬ್ಬದ ಹಿಂದಿನ ದಿನ. ಸುಮ್ನೆ ಎಳ್ಕೋಬೇಡ ಅಂದಿದ್ದವರಲ್ಲಿ ಒಬ್ಬರು ಮೊನ್ನೆ ತಮ್ಮ ಬಾಡಿಗೆ ಕರಾರು ಹಿಡಿದುಕೊಂಡು ಯಾರ್ಡಿಗೆ ಬಂದಿದ್ದರು. ಮೊದಲು ಖಾತೆ ನಂಬರ್ ನೋಡಣ್ಣ ಅಂದೆ. ಅವರದೂ ಹಳೇದೇ ಇತ್ತು.