ಕೊಟ್ಟಿಗೆಯಲ್ಲೇ ಕೀಟನಾಶಕ ಪರೀಕ್ಷೆ: ಹಾಲಿಗಿಂತ ಮೊದಲು ಮೇವು

ಕೀಟನಾಶಕದ ಉಳಿಕೆ ನೋಡುವ ಕಾರ್ಡು ಕೈಗೆ ಸಿಕ್ಕವರು ಮೊದಲು ಹಾಲಿನ ಹನಿ ಹಾಕಿ ನೋಡುತ್ತಾರೆ. ನನ್ನ ಅನುಭವದಲ್ಲಿ ಅದು ಕಾರ್ಡು ದಂಡ. ಕ್ಲೋರ್‌ಪೈರಿಫಾಸ್ ಥರದ ಆರ್ಗನೋಫಾಸ್ಫೇಟ್ (ರಂಜಕ ಇರುವ) ಕೀಟನಾಶಕ ಔಷಧಿಗಳ ಬಹುಪಾಲು ಹಸುವಿನ ಯಕೃತ್ತಿನಲ್ಲೇ ಒಡೆದು ಗಂಜಲದಲ್ಲಿ ಹೋಗುತ್ತದೆ. ಹಾಲಿಗೆ ಇಳಿಯುವುದು ತೀರಾ ಕಡಿಮೆ, ಆ ಕಡಿಮೆಯನ್ನು ಕಾಣುವಷ್ಟು ಸೂಕ್ಷ್ಮ ಈ ಕಾರ್ಡಿಗಿಲ್ಲ. ಅದರ ಮೇಲೆ ಹಾಲಿನ ಕೊಬ್ಬು ಕಾರ್ಡಿನ ಮೇಲೆ ಪದರ ಕಟ್ಟಿ ಬಣ್ಣವನ್ನೂ ಕೆಡಿಸುತ್ತದೆ. ಹಾಲಿನಲ್ಲಿ ಕಾರ್ಡು ನೀಲಿಯಾಯಿತು, ಅಂದರೆ ಔಷಧಿ ಕಾಣಲಿಲ್ಲ, ಎಂದರೆ ಏನೂ ಗೊತ್ತಾಗಲಿಲ್ಲ ಎಂದೇ ಅರ್ಥ. ಪರೀಕ್ಷೆ ಮಾಡಬೇಕಾದ್ದು ಗೋದಲಿಗೆ ಬೀಳುವ ಮೇವನ್ನು.

ಕೊಡಗಿನಲ್ಲಿ ಇದು ಇನ್ನೂ ಮುಖ್ಯ. ಇಲ್ಲಿ ಹಸಿಮೇವೆಂದರೆ ಬಹಳ ಕಡೆ ಕಾಫಿ ತೋಟದೊಳಗೆ ಕೊಯ್ದ ಹುಲ್ಲು, ಶುಂಠಿ ಗದ್ದೆಯ ಬದುವಿನ ಹುಲ್ಲು. ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕ ದುಂಬಿ ಹಾರುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್‌ನಲ್ಲಿ. ಕಾಂಡಕ್ಕೆ ಔಷಧಿ ಹೊಡೆಯುವುದೂ ಆಗಲೇ. ಕಾಂಡದಿಂದ ಇಳಿದ ದ್ರಾವಣ ಬೀಳುವುದು ಬುಡದ ಹುಲ್ಲಿನ ಮೇಲೆ, ಆ ಹುಲ್ಲೇ ಸಂಜೆ ಹೊರೆಯಾಗಿ ಕೊಟ್ಟಿಗೆಗೆ ಬರುತ್ತದೆ. ಈ ಎರಡು ಹಂಗಾಮಿನಲ್ಲಿ ಹೊರಗಿನ ತೋಟದಿಂದ ಬಂದ ಪ್ರತಿ ಹೊರೆಯನ್ನೂ ನಾನು ನೋಡುತ್ತೇನೆ. ಜೋರು ಮಳೆಯ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಸಾಕು.

ಕಾರ್ಡಿನಲ್ಲಿ ಎರಡು ಬಿಲ್ಲೆಗಳಿರುತ್ತವೆ. ಬಿಳಿಯದರಲ್ಲಿ ಕೋಲಿನ್‌ಎಸ್ಟರೇಸ್ ಕಿಣ್ವ, ಕೆಂಪಿನದರಲ್ಲಿ ಅದು ಒಡೆಯಬೇಕಾದ ಬಣ್ಣದ ವಸ್ತು. ಕಿಣ್ವ ಚೆನ್ನಾಗಿದ್ದರೆ ಕೆಂಪಿನದನ್ನು ಒಡೆದು ಬಿಳಿ ಬಿಲ್ಲೆ ನೀಲಿಯಾಗುತ್ತದೆ. ಆರ್ಗನೋಫಾಸ್ಫೇಟ್ ಅಥವಾ ಕಾರ್ಬಮೇಟ್ ಔಷಧಿ ಇದ್ದರೆ ಕಿಣ್ವ ಕಟ್ಟಿಹೋಗಿ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ. ನೀಲಿ ಬಂದರೆ ಔಷಧಿ ಇದೆ ಎಂದು ತಿರುಗಿಸಿ ಓದುವ ತಪ್ಪು ಸಾಮಾನ್ಯ, ಆದ್ದರಿಂದ ಕಾರ್ಡಿನ ಡಬ್ಬಿಯ ಮೇಲೆ 'ನೀಲಿ ಸರಿ, ಬಿಳಿ ಬೇಡ' ಎಂದು ದಪ್ಪಕ್ಷರದಲ್ಲಿ ಬರೆದಿಡಿ.

ಹೊರೆಯ ನಾಲ್ಕೈದು ಕಡೆಯಿಂದ, ಮುಖ್ಯವಾಗಿ ಬುಡದ ಅಗಲ ಎಲೆಗಳಿಂದ ಹುಲ್ಲು ತೆಗೆದು 1 ಸೆಂ.ಮೀ. ತುಂಡು ಮಾಡಿ 5 ಗ್ರಾಂ ತೂಗುತ್ತೇನೆ. ಮುಚ್ಚಳದ ಸಣ್ಣ ಬಾಟಲಿಯಲ್ಲಿ ಅದಕ್ಕೆ 10 ಮಿ.ಲೀ. ಬಫರ್ (ಹುಳಿ-ಕ್ಷಾರದ ಮಟ್ಟ, ಅಂದರೆ ಪಿಎಚ್, ಬದಲಾಗದಂತೆ ಹಿಡಿಯುವ ದ್ರಾವಣ) ಹಾಕಿ 50 ಸಲ ಕುಲುಕಿ 2 ನಿಮಿಷ ಬಿಡುತ್ತೇನೆ. ಹುಲ್ಲನ್ನು ಜಜ್ಜಬೇಡಿ. ಜಜ್ಜಿದರೆ ಹಸಿರು ರಸ ಬಿಟ್ಟು ನೀಲಿ ಯಾವುದು, ಹಸಿರು ಯಾವುದು ಎಂದು ತಿಳಿಯುವುದಿಲ್ಲ. ಕಿಟ್ ಜೊತೆಗಿನ ಬಫರ್ ಮುಗಿದರೆ 500 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 15 ಗ್ರಾಂ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ (12 ನೀರಿನಂಶದ ಹರಳು) ಮತ್ತು 1.59 ಗ್ರಾಂ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ ಕರಗಿಸಿದರೆ ಪಿಎಚ್ 7.5ರದು ಸಿಗುತ್ತದೆ. ನಲ್ಲಿ ನೀರಿನ ಕ್ಲೋರಿನ್ ಕಿಣ್ವವನ್ನು ಕೆಡಿಸುತ್ತದೆ, ಅದನ್ನು ಬಳಸಬೇಡಿ.

ತಿಳಿಯಿಂದ ಎರಡು ಮೂರು ಹನಿ ಬಿಳಿ ಬಿಲ್ಲೆಗೆ ಬಿಟ್ಟು 37 ಡಿಗ್ರಿಯಲ್ಲಿ 10 ನಿಮಿಷ ಇಡಬೇಕು. ಆಮೇಲೆ ಕಾರ್ಡು ಮಡಚಿ, ಕೆಂಪು ಬಿಳಿ ಒಂದರ ಮೇಲೊಂದು ಕೂರುವಂತೆ ಬೆರಳಲ್ಲಿ 3 ನಿಮಿಷ ಒತ್ತಿ ಹಿಡಿದು ಬಿಚ್ಚಿ ನೋಡಬೇಕು. ಮಡಚುವಾಗ ಬಿಳಿ ಬಿಲ್ಲೆ ತೇವವಾಗಿರಲೇಬೇಕು, ಒಣಗಿದ್ದರೆ ಬಣ್ಣ ಬರುವುದಿಲ್ಲ.

ನಮ್ಮಲ್ಲಿ ಹೆಚ್ಚು ಜನ ತಪ್ಪುವುದು ಆ 37 ಡಿಗ್ರಿಯಲ್ಲಿ. ಮಡಿಕೇರಿ, ಸೋಮವಾರಪೇಟೆ ಕಡೆ ಬೆಳಗಿನ ಚಳಿಯಲ್ಲಿ ಕಾರ್ಡನ್ನು ಜಗಲಿಯ ಮೇಲಿಟ್ಟರೆ ಕಿಣ್ವದ ಕೆಲಸ ತೀರಾ ನಿಧಾನವಾಗುತ್ತದೆ. ಒಳ್ಳೆಯ ಹುಲ್ಲಿಗೂ ಬಿಲ್ಲೆ ಬಿಳಿಯಾಗೇ ಉಳಿಯಬಹುದು. ನಾನು ಸ್ಟೀಲ್ ಟಿಫಿನ್ ಡಬ್ಬಿಗೆ 42 ಡಿಗ್ರಿಯ ನೀರು ತುಂಬಿ, ಮುಚ್ಚಳ ಹಾಕಿ, ಕಾರ್ಡನ್ನು ಆ ಮುಚ್ಚಳದ ಮೇಲೆ ಇಟ್ಟು, ಮೇಲೊಂದು ಬಟ್ಟಲು ಕವುಚಿ, ಟವೆಲ್ ಹೊದಿಸುತ್ತೇನೆ. ಬಟ್ಟಲೊಳಗೊಂದು ಥರ್ಮಾಮೀಟರ್ ಇರಲಿ. ಟವೆಲ್ ಇಲ್ಲದಿದ್ದರೆ ಮುಚ್ಚಳ ಬೇಗ ತಣಿಯುತ್ತದೆ.

ಎರಡನೆಯದು ಕರೆಂಟು. ಕಾರ್ಡುಗಳು ಫ್ರಿಜ್‌ನಲ್ಲಿ 4 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಕತ್ತಲೆ, ತೇವ ಬೇರೆ. ಕಿಣ್ವ ಸತ್ತ ಕಾರ್ಡು ಎಲ್ಲ ಮೇವನ್ನೂ ವಿಷ ಎನ್ನುತ್ತದೆ. ಆದ್ದರಿಂದ ಪ್ರತಿ ಸಲವೂ ಒಂದು ಕಾರ್ಡಿಗೆ ಬರೀ ಬಫರ್ ಹಾಕಿ ಪಕ್ಕದಲ್ಲಿಡಿ. ಅದು ಗಾಢ ನೀಲಿ ಬಂದರೆ ಮಾತ್ರ ಅವತ್ತಿನ ಫಲಿತಾಂಶಕ್ಕೆ ಬೆಲೆ. ಕಾರ್ಡು ಉಳಿಸಲು ಇದನ್ನು ಬಿಡುವುದು ನಿಜವಾದ ನಷ್ಟ.

ಬರೀ ಬಫರಿನದು ನೀಲಿಯಾಗಿ ಹುಲ್ಲಿನದು ಬಿಳಿಯಾಗಿದ್ದರೂ ಒಂದೇ ಏಟಿಗೆ ತೋಟದವರ ಮೇಲೆ ಹರಿಹಾಯಬೇಡಿ. ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದ ತೋಟದ ಹುಲ್ಲಿನಲ್ಲಿರುವ ತಾಮ್ರವೂ ಕಿಣ್ವವನ್ನು ತಡೆಯಬಲ್ಲದು. ಬಾಟಲಿಯಲ್ಲಿ ಉಳಿದ ಸೋಪು, ಸ್ಪ್ರೇ ಕ್ಯಾನ್ ಮುಟ್ಟಿ ಬಂದ ಕೈ, ಇವೂ ಅಷ್ಟೇ. ಕೈ ತೊಳೆದು, ಹೊಸ ಬಾಟಲಿಯಲ್ಲಿ ಮತ್ತೊಮ್ಮೆ ಮಾಡಿ. ಮತ್ತೆ ಬಿಳಿಯೇ ಬಂದರೆ ಆ ಹೊರೆ ಗೋದಲಿಗೆ ಬೇಡ.

ಇನ್ನು ಕಾರ್ಡಿನ ದೊಡ್ಡ ಕುಂದು. ನಮ್ಮಲ್ಲಿ ಧಾರಾಳವಾಗಿ ಬಳಸುವ ಕ್ಲೋರ್‌ಪೈರಿಫಾಸನ್ನೇ ಇದು ಸರಿಯಾಗಿ ಹಿಡಿಯುವುದಿಲ್ಲ. ಅದರ ಅಣುವಿನಲ್ಲಿ ರಂಜಕಕ್ಕೆ ಅಂಟಿರುವುದು ಗಂಧಕ. ಯಕೃತ್ತಿನಲ್ಲಿ ಆ ಗಂಧಕದ ಜಾಗಕ್ಕೆ ಆಮ್ಲಜನಕ ಬಂದಾಗಲೇ ಅದು ಕಿಣ್ವವನ್ನು ಗಟ್ಟಿಯಾಗಿ ಕಟ್ಟುವುದು. ಕಾರ್ಡಿನ ಮೇಲೆ ಆ ಬದಲಾವಣೆ ಆಗುವುದಿಲ್ಲ. ಸಾಲದ್ದಕ್ಕೆ ಅದು ನೀರಿನಲ್ಲಿ ಕರಗುವುದೂ ಅತ್ಯಲ್ಪ. ಪ್ರಯೋಗಾಲಯದಲ್ಲಿ ಬ್ರೋಮಿನ್ ನೀರು ಹಾಕಿ ಬದಲಾಯಿಸುತ್ತಾರೆ, ಕೊಟ್ಟಿಗೆಯಲ್ಲಿ ಆ ಸಾಹಸ ಬೇಡ. ಅದೇ ಬದಲಾವಣೆ ಮಾಡುವ ಆಕ್ಸಿಡೈಸರ್ ಮಾತ್ರೆ ಇರುವ ಕಿಟ್ ಸಿಕ್ಕರೆ ಒಳ್ಳೆಯದು. ಆ ಮಾತ್ರೆಯನ್ನು ಬರೀ ಬಫರಿನ ಕಾರ್ಡಿಗೂ ಹಾಕಲೇಬೇಕು, ಏಕೆಂದರೆ ಹೆಚ್ಚಾದರೆ ಅದೇ ಕಿಣ್ವವನ್ನು ಕೊಲ್ಲುತ್ತದೆ.

ನಿಮ್ಮ ಕಾರ್ಡು ಎಷ್ಟನ್ನು ಕಾಣುತ್ತದೆ ಎಂದು ನೀವೇ ಅಳೆಯಬಹುದು. ಲೀಟರಿಗೆ 2 ಮಿ.ಲೀ.ನಂತೆ ಕ್ಲೋರ್‌ಪೈರಿಫಾಸ್ 20 ಇಸಿ (ಶೇ. 20 ಔಷಧಿ ಇರುವ, ನೀರಿಗೆ ಬೆರೆಸುವ ದ್ರವ) ಬೆರೆಸಿದ ದ್ರಾವಣದಲ್ಲಿ ಲೀಟರಿಗೆ 400 ಮಿ.ಗ್ರಾಂ ಔಷಧಿ ಇರುತ್ತದೆ. ಕೈಗವಸು ಹಾಕಿ ಅದರ 1 ಮಿ.ಲೀ.ಗೆ ಬಫರ್ ಸೇರಿಸಿ 10 ಮಿ.ಲೀ. ಮಾಡಿ, ಅದರಿಂದ 1 ತೆಗೆದು ಮತ್ತೆ 10, ಮತ್ತೊಮ್ಮೆ ಹಾಗೇ. ಕ್ರಮವಾಗಿ ಲೀಟರಿಗೆ 40, 4, 0.4 ಮಿ.ಗ್ರಾಂ. ಯಾವ ಹಂತದಲ್ಲಿ ಬಿಲ್ಲೆ ಮತ್ತೆ ನೀಲಿಯಾಗುತ್ತದೋ ಅಲ್ಲಿಂದ ಕೆಳಗೆ ನಿಮ್ಮ ಕಾರ್ಡು ಕುರುಡು. 5 ಗ್ರಾಂ ಹುಲ್ಲಿಗೆ 10 ಮಿ.ಲೀ. ಲೆಕ್ಕದಲ್ಲಿ ದ್ರಾವಣದ 4 ಮಿ.ಗ್ರಾಂ ಎಂದರೆ, ಔಷಧಿ ಪೂರ್ತಿ ಬಿಟ್ಟುಕೊಂಡಿತೆಂದರೂ, ಮೇವಿನಲ್ಲಿ ಕೆಜಿಗೆ 8 ಮಿ.ಗ್ರಾಂ. ಬಣವೆಯ ಒಣಹುಲ್ಲು ನೀರನ್ನೆಲ್ಲ ಕುಡಿದುಬಿಡುವುದರಿಂದ ಅದಕ್ಕೆ 2 ಗ್ರಾಂಗೆ 20 ಮಿ.ಲೀ. ಬೇಕು. ಆಗ ಅದೇ 4 ಎಂದರೆ ಕೆಜಿಗೆ 40. ಹಾಗಾಗಿ ಒಣಹುಲ್ಲಿಗೆ ನಾನು ಕಾರ್ಡನ್ನು ನಂಬುವುದಿಲ್ಲ, ಗದ್ದೆಗೆ ಏನು ಹೊಡೆದಿದ್ದರು, ಕೊಯ್ಲಿಗೆ ಎಷ್ಟು ದಿನ ಮೊದಲು ಎಂದು ಕೇಳಿ ಬರೆದಿಟ್ಟುಕೊಳ್ಳುತ್ತೇನೆ.

ಕಾರ್ಡಿಗೆ ಕಾಣದವು ಇನ್ನೂ ಇವೆ. ಸೈಪರ್‌ಮೆಥ್ರಿನ್, ಉಣ್ಣಿ ಹುಳಕ್ಕೆ ಹಸುವಿನ ಮೈಗೇ ಹಚ್ಚುವ ಡೆಲ್ಟಾಮೆಥ್ರಿನ್, ಕುಶಾಲನಗರದ ಕಡೆ ಮುಸುಕಿನ ಜೋಳದ ಸೈನಿಕ ಹುಳಕ್ಕೆ ಹೊಡೆಯುವ ಎಮಾಮೆಕ್ಟಿನ್, ತೋಟದ ಕಳೆನಾಶಕ ಗ್ಲೈಫೋಸೇಟ್. ಇವೆಲ್ಲ ಇದ್ದರೂ ಬಿಲ್ಲೆ ನೀಲಿಯೇ. ಹಿಂದೆ ಕಾಫಿ ಕಾಂಡಕ್ಕೆ ಬಳಿಯುತ್ತಿದ್ದ ಲಿಂಡೇನ್ ಕೂಡ ಹಾಗೆಯೇ. ಅದರ ಬಳಕೆ ದೇಶದಲ್ಲಿ 2013ರಲ್ಲಿ ನಿಂತಿದೆ, ಆದರೆ ಆ ಜಾತಿಯ ಔಷಧಿಗಳು ಕೊಬ್ಬಿನಲ್ಲಿ ಕೂತು ಹಾಲಿನ ಜಿಡ್ಡಿನೊಂದಿಗೆ ಬಹುಕಾಲ ಹೊರಬರುವಂಥವು. ಅಂಥದ್ದರ ಅನುಮಾನವಿದ್ದರೆ ಹಾಲನ್ನೇ ಪರೀಕ್ಷೆಗೆ ಕಳಿಸಬೇಕು, ಅದೂ ಪ್ರಯೋಗಾಲಯಕ್ಕೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಶೇಷದ ಪ್ರಯೋಗಾಲಯವಿದೆ. ಕಳಿಸುವ ಮೊದಲು ಎಷ್ಟು ಮಾದರಿ ಬೇಕು, ಹೇಗೆ ಕಟ್ಟಬೇಕು ಎಂದು ಫೋನ್ ಮಾಡಿ ಕೇಳಿ. ಹಾಲನ್ನು ಗಾಜಿನ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿ ಕಳಿಸುವುದು ಒಳ್ಳೆಯದು, ಬಾಟಲಿಯ ಕಾಲು ಭಾಗ ಖಾಲಿ ಬಿಡದಿದ್ದರೆ ಒಡೆಯುತ್ತದೆ.

ಮೇವು ತಿಂದ ಹಸು ಜೊಲ್ಲು ಸುರಿಸಿ, ಮೈ ನಡುಗಿ, ಭೇದಿ ಮಾಡಿ, ಕಣ್ಣಿನ ಪಾಪೆ ಕಿರಿದಾದರೆ ಕಾರ್ಡು ಹುಡುಕುತ್ತ ಕೂರಬೇಡಿ. ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ, ಅಟ್ರೋಪಿನ್ ತರಲು ಹೇಳಿ. ಗೋದಲಿಯಲ್ಲಿ ಉಳಿದ ಹುಲ್ಲನ್ನು ಬಿಸಾಡದೆ ಒಂದು ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿಡಿ. ಕಾರಣ ಪತ್ತೆಯಾಗಬೇಕಾದರೆ ಆ ಹುಲ್ಲೇ ಬೇಕು.